ಹೊಸ ಹುಡುಗರನ್ನು ಯಾವಾಗ ಅಳೆಯಬೇಕು?

ಕಾಲೇಜು ಟೀಮಿಗೆ ಒಳ್ಳೇ ಫಸ್ಟ್ ಇಯರ್ ಹುಡುಗರು ಬಂದರೆ ಆ ವರ್ಷವೇ ಕಪ್ ಬರಬೇಕು ಅಂತ ನಾವೆಲ್ಲ ಲೆಕ್ಕ ಹಾಕ್ತೀವಿ. ನಾವಿರುವ ಕತಾರ್‌ನ ಫುಟ್‌ಬಾಲ್ ನೋಡಿದರೆ ಈ ಲೆಕ್ಕ ತಪ್ಪುತ್ತದೆ.

ದೋಹಾದಲ್ಲಿ 2004ರಲ್ಲಿ ಶುರುವಾದ ಆಸ್ಪೈರ್ ಅಕಾಡೆಮಿ ಚಿಕ್ಕ ಹುಡುಗರನ್ನು ಆರಿಸಿ ಓದು, ಆಟ ಎರಡನ್ನೂ ಕಲಿಸುತ್ತದೆ. 2006ರಲ್ಲಿ ಬಾರ್ಸಿಲೋನಾದಿಂದ ಅಲ್ಲಿಗೆ ಬಂದ ಕೋಚ್ ಫೆಲಿಕ್ಸ್ ಸ್ಯಾಂಚೆಜ್. 2014ರಲ್ಲಿ ಅವರ ಹುಡುಗರು 19 ವರ್ಷದೊಳಗಿನವರ ಏಷ್ಯಾ ಚಾಂಪಿಯನ್‌ಶಿಪ್ ಗೆದ್ದರು. ಫೈನಲ್‌ನ ಒಂದೇ ಗೋಲು ಅಕ್ರಮ್ ಅಫೀಫ್‌ದು. ಮರುವರ್ಷ 20 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಆಡಿದ ಮೂರೂ ಪಂದ್ಯ ಸೋಲು! ಅವತ್ತೇ ಅಳೆದಿದ್ದರೆ ಆಯ್ಕೆಯೇ ಸರಿಯಿಲ್ಲ ಅಂತಿದ್ವಿ. ಆದರೆ ಅಫೀಫ್, ಅಲ್ಮೋಯೆಜ್ ಅಲಿ ಅದೇ ಸ್ಯಾಂಚೆಜ್ ಜೊತೆ ಹಿರಿಯರ ತಂಡದಲ್ಲೂ ಆಡಿದರು. 2019ರಲ್ಲಿ ಜಪಾನನ್ನು 3-1ರಿಂದ ಸೋಲಿಸಿ ಏಷ್ಯನ್ ಕಪ್ ತಂದರು. ಆ ಟೂರ್ನಿಯಲ್ಲಿ ಅಲಿ ಒಬ್ಬನದೇ 9 ಗೋಲು. (ಸಿವಿಲ್ ಓದಿದವರು ನೆನಪಿಸಿಕೊಳ್ಳಿ: ಕಾಂಕ್ರೀಟ್‌ನ ಬಲ ನೋಡೋದು 28ನೇ ದಿನ, ಸುರಿದ ಸಂಜೆ ಅಲ್ಲ.)

ಕಾಲೇಜಲ್ಲಿ ಕಷ್ಟ ಏನಂದ್ರೆ, ಹುಡುಗರು ಹದಕ್ಕೆ ಬರುವಷ್ಟರಲ್ಲಿ ಡಿಗ್ರಿ ಮುಗಿದಿರುತ್ತದೆ. ಅದಕ್ಕೇ ಮೊದಲ ಸೋಲಿಗೇ ಅವರನ್ನು ಬೆಂಚಲ್ಲಿ ಕೂರಿಸಬಾರದು ಅನ್ನೋದು ನನ್ನ ವಾದ. ಹಾಗಂತ ಒಟ್ಟಿಗೆ ಬೆಳೆದ ಮಾತ್ರಕ್ಕೆ ಎಲ್ಲ ಕಡೆ ಗೆಲುವು ಖಾತ್ರಿ ಅಲ್ಲ: 2022ರ ವಿಶ್ವಕಪ್‌ನಲ್ಲಿ ಇದೇ ಬಳಗ ತವರಲ್ಲೇ ಮೂರೂ ಪಂದ್ಯ ಸೋತಿತು. 2024ರ ಫೆಬ್ರವರಿಯಲ್ಲಿ, ಬೇರೆ ಕೋಚ್ ಕೈಯಲ್ಲಿ, ಜೋರ್ಡಾನ್ ವಿರುದ್ಧ ಅಫೀಫ್‌ನ ಮೂರು ಪೆನಾಲ್ಟಿ ಗೋಲುಗಳಿಂದ ಏಷ್ಯನ್ ಕಪ್ ಮತ್ತೆ ದೋಹಾದಲ್ಲೇ ಉಳಿಯಿತು.