ರೊಟ್ಟಿ ಉಣ್ಣೂ ಊರಾಗೂ ಗೋಧಿ ಬ್ಯಾನಿ

ತಂಗೀ, ನಮ್ಮ ಅಸುಂಡಿ ಕಡೆ ಕೂಸಿನ ಹೊಟ್ಟಿ ಕೆಟ್ರ ಮೊದಲು ದೃಷ್ಟಿ ತಗೀತೇವಿ, ಆಮ್ಯಾಲ ಜಂತಿನ ಗುಳಗಿ ಕೊಡ್ತೇವಿ. ಬ್ಯಾಡ ಅನ್ನೂದಿಲ್ಲ. ಆದ್ರ ವಾರಗಟ್ಟಲೆ ಹೊಟ್ಟಿ ಜಾಡಿಸ್ತಿದ್ರ, ಹೊಟ್ಟಿ ಉಬ್ಬಿ ಕೈಕಾಲು ಸಣ್ಣಾಗಿದ್ರ, ಓರಿಗೆ ಹುಡುಗರಷ್ಟು ಬೆಳೀಲಿಲ್ಲಂದ್ರ ಅಷ್ಟಕ್ಕ ಸುಮ್ಮನಾಗಬ್ಯಾಡ. ಸೀಲಿಯಾಕ್ ಅಂತ ಸಣ್ಣ ಕರುಳಿನ ಬ್ಯಾನಿ ಒಂದೈತಿ. ಗೋಧಿ, ಬಾರ್ಲಿಯೊಳಗಿನ ಗ್ಲುಟೆನ್ ಅನ್ನೂ ಅಂಶ ಒಳಗ ಹೋತಂದ್ರ, ಮೈಯ ರೋಗ ತಡಿಯೂ ಶಕ್ತೀನ ತಿರುಗಿಬಿದ್ದು ಕರುಳಿನ ಒಳಪದರು ಕೆಡಸತೈತಿ. ಉಂಡದ್ದು ಮೈಗೆ ಹತ್ತೂದಿಲ್ಲ.

ದೊಡ್ಡವರಿಗೂ ಬರತೈತಿ. ಅವರಿಗೆ ಹೊಟ್ಟಿ ಕೆಡಬೇಕಂತನೂ ಇಲ್ಲ. ಕಬ್ಬಿಣದ ಗುಳಗಿ ನುಂಗಿದ್ರೂ ರಕ್ತ ಏರೂದಿಲ್ಲ. ಬಾಯಾಗ ಮತ್ತ ಮತ್ತ ಹುಣ್ಣು, ಎಲುಬು ನೋವು, ದಣಿವು, ಮೊಣಕೈ ಮೊಣಕಾಲಿನ ಮ್ಯಾಲ ತುರಿಸೂ ಗುಳ್ಳಿ. ಕೆಲವರಿಗೆ ಬಸಿರು ನಿಲ್ಲೂದಿಲ್ಲ.

ಜ್ವಾಳ ಉಣ್ಣೂ ನಮಗ್ಯಾಕ ಇದು ಬರತೈತಿ ಅಂತೀ. ಖರೇ, ಕಡಿಮಿ. 2016ರಾಗ ಪ್ರಕಟವಾದ ಅಧ್ಯಯನದಾಗ ಈ ಬ್ಯಾನಿ ಸೂಚಿಸೂ ಪ್ರತಿಕಾಯ ಉತ್ತರ ಭಾರತದ ಶೇ. 1.23 ಮಂದಿ ರಕ್ತದಾಗ ಸಿಕ್ಕಿತ್ತು, ದಕ್ಷಿಣದಾಗ ಶೇ. 0.10. ಕಡಿಮಿ ಅಂತನ ಇಲ್ಲಿ ಯಾರಿಗೂ ಲಗೂನ ಸಂಶಯ ಬರೂದಿಲ್ಲ. ಅದಕ್ಕ ನೀನ ಬಾಯಿಬಿಟ್ಟು ಕೇಳು. ಗದಗಿನ ಜಿಮ್ಸ್ ದವಾಖಾನಿಗೋ ಹುಬ್ಬಳ್ಳಿಗೋ ಹೋದಾಗ, "ಟಿಟಿಜಿ ರಕ್ತ ಪರೀಕ್ಷೆ ಬೇಕೇನ್ರಿ?" ಅನ್ನು. ಬೇಕಾದ್ರ ಅವರು ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತಗದು ನೋಡ್ತಾರ. ಅಲ್ಲೀತನಕ ಗೋಧಿ ಬಿಡಬ್ಯಾಡ. ಮೊದಲ ಬಿಟ್ರ ಬ್ಯಾನಿ ಇದ್ರೂ ಪರೀಕ್ಷೆಯಾಗ ಕಾಣದ ಹೋಗಬಹುದು.

ಐತಿ ಅಂತ ಖಾತ್ರಿ ಆದ್ರ ಹೆದರಬ್ಯಾಡ. ಗೋಧಿ ಬಿಟ್ರ ಮಕ್ಕಳು ಚೇತರಿಸಿಕೊಳ್ತಾರ ಅಂತ ಡಚ್ ಡಾಕ್ಟರ್ ವಿಲೆಮ್ ಡಿಕೆ 1950ರಾಗ ತನ್ನ ಪ್ರಬಂಧದಾಗ ತೋರಿಸ್ಯಾನ. ಇವತ್ತಿಗೂ ಅದ ಔಷಧ, ಆದ್ರ ಜೀವ ಇರೂತನಕ. ಜ್ವಾಳದ ರೊಟ್ಟಿ, ನವಣಕ್ಕಿ, ಅನ್ನ, ಬ್ಯಾಳಿ ಧಾರಾಳ ಉಣ್ಣಲಿ. ಚಪಾತಿ, ಮಾದಲಿ, ಶಾವಿಗಿ, ಗೋಧಿ ಹುಗ್ಗಿ, ರವಾ ಉಂಡಿ, ಬಿಸ್ಕೀಟು ಬ್ಯಾಡ. ಜವಾರಿ ಗೋಧಿ ನಡೀತೈತಿ ಅಂತ ಯಾರರ ಅಂದ್ರ ನಂಬಬ್ಯಾಡ. ಅಂಗಡಿ ಇಂಗಿನ್ಯಾಗೂ ಹಲವು ಸಲ ಗೋಧಿ ಹಿಟ್ಟಿರತೈತಿ, ಚೀಟಿ ಓದು. ಗಿರಣ್ಯಾಗ ಗೋಧಿ ಬೀಸಿದ ಕಲ್ಲಿನಾಗ ಜ್ವಾಳ ಹಾಕಿಸಿದ್ರ ಆ ಹಿಟ್ಟೂ ಕೆಟ್ಟಂಗ. ಜ್ವಾಳ ಒಂದ ಬೀಸೂ ಕಲ್ಲು ಹುಡುಕು, ಇಲ್ಲಾ ಮನ್ಯಾಗ ಬೀಸಿಕೋ.

ಜಾತ್ರಿ, ಮದುವಿ ಮನ್ಯಾಗ "ಒಂದ ತುತ್ತಿಗೆ ಏನಾಗತೈತಿ" ಅಂತ ಒತ್ತಾಯ ಮಾಡೂ ಮಂದಿ ಬಾಳ. ಅವರ ಮನಸ್ಸಿಗೆ ನೋವಾದ್ರೂ ಬ್ಯಾಡ ಅಂದುಬಿಡು. ಮತ್ತ, ಒಬ್ಬರಿಗೆ ಬಂದ್ರ ತಾಯಿ, ತಂದಿ, ಒಡಹುಟ್ಟಿದವರ ರಕ್ತಾನೂ ಪರೀಕ್ಷೆ ಮಾಡಿಸು. ಇದು ಮನೆತನದಾಗ ಹರಿಯೂ ಬ್ಯಾನಿ.