ಹಕ್ಕಿ ನೋಡಲು ಮೂರು ಮೆಟ್ಟಿಲು

ನಮ್ಮ ಮಲ್ಲಾಪುರ ಕಾಳಿ ನದಿಯ ದಂಡೆಯಲ್ಲಿದೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಸಹ್ಯಾದ್ರಿಯ ಕಾಡು. ಹಾಗಾಗಿ ಇಲ್ಲಿ ಹಕ್ಕಿಗಳಿಗೆ ಬರಗಾಲ ಇಲ್ಲ. ಕೈಗಾ ಅಣು ವಿದ್ಯುತ್ ಕೇಂದ್ರದವರು ಜನವರಿ ತಿಂಗಳಲ್ಲಿ ನಡೆಸಿಕೊಂಡು ಬಂದ 'ಹಕ್ಕಿ ಮ್ಯಾರಥಾನ್' ಹೆಸರನ್ನು ನೀವೆಲ್ಲ ಕೇಳಿರಬಹುದು. ಬೇರೆ ಬೇರೆ ಊರಿನಿಂದ ಬಂದವರು ತಂಡ ಮಾಡಿಕೊಂಡು ಕಾಡಿನ ದಾರಿಯಲ್ಲಿ ನಡೆದು ಕಂಡ ಹಕ್ಕಿಗಳನ್ನು ಬರೆದುಕೊಳ್ಳುತ್ತಾರೆ.

ಆದರೆ ಕಾಡಿನ ದಾರಿಯಲ್ಲಿ ನಡೆಯಲು ಆಗದವರು ಎಂತ ಮಾಡಬೇಕು? ನಮ್ಮ ತರಗತಿಯಲ್ಲೇ ಗಾಲಿಕುರ್ಚಿಯಲ್ಲಿ ಬರುವ ಗೆಳೆಯ ಇದ್ದಾನೆ. ನನ್ನ ಅಜ್ಜಿಗೆ ಮೊಣಕಾಲು ನೋವು. ಅಜ್ಜಿಗೆ ಗೊತ್ತಿರುವಷ್ಟು ಹಕ್ಕಿಗಳ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಅಂಥವರನ್ನು ಮನೆಯಲ್ಲಿ ಬಿಟ್ಟು ನಾವಷ್ಟೇ ಹೋಗುವುದು ನನಗೆ ಸರಿ ಕಾಣಲಿಲ್ಲ. ಅದಕ್ಕೇ ಈ ಸಲ ಕೂತಲ್ಲೇ ಹಕ್ಕಿ ಎಣಿಸುವ ಬಗ್ಗೆ ಬರೆಯುತ್ತಿದ್ದೇನೆ.

ಇದು ನಾನು ಹುಟ್ಟುಹಾಕಿದ ವಿಧಾನ ಅಲ್ಲ. ಅಮೆರಿಕದಲ್ಲಿ 1998ರಲ್ಲಿ 'ಹಿತ್ತಲ ಹಕ್ಕಿ ಎಣಿಕೆ' ಶುರುವಾಯಿತು. ಈಗ ಅದು ಪ್ರತಿ ವರ್ಷ ಫೆಬ್ರವರಿಯಲ್ಲಿ 4 ದಿನ ಪ್ರಪಂಚದ ತುಂಬ ನಡೆಯುತ್ತದೆ. ನಮ್ಮ ದೇಶದವರೂ ಸೇರುತ್ತಾರೆ. ಅದರ ನಿಯಮ ಬಹಳ ಸುಲಭ. ಕಡಿಮೆ ಎಂದರೆ 15 ನಿಮಿಷ ಹಕ್ಕಿಗಳನ್ನು ನೋಡಬೇಕು, ಕೇಳಬೇಕು, ಬರೆಯಬೇಕು. ಅಂಗಳದಲ್ಲಿ ಕೂತು ಮಾಡಿದರೂ ಅದು ಲೆಕ್ಕಕ್ಕೆ ಬರುತ್ತದೆ.

ಕೂತು ನೋಡಿದರೆ ಹಕ್ಕಿ ಕಡಿಮೆ ಕಾಣುತ್ತದೆ ಎಂದು ಕೆಲವರು ನಗುತ್ತಾರೆ. ಹಾಗಲ್ಲ. ಹೆಚ್ಚಿನ ಹಕ್ಕಿಗಳ ಕಣ್ಣು ತಲೆಯ ಎರಡು ಪಕ್ಕದಲ್ಲಿ ಇರುತ್ತದೆ. ಆದ್ದರಿಂದ ಅವಕ್ಕೆ ಸುತ್ತ ಯಾರು ಅಲುಗಾಡಿದರೂ ಬೇಗ ಗೊತ್ತಾಗುತ್ತದೆ. ನಾವು ಒಣ ಎಲೆ ತುಳಿಯುತ್ತ ಹೋದರೆ ಹಾರಿಯೇ ಬಿಡುತ್ತವೆ. ಸುಮ್ಮನೆ ಕೂತರೆ ಮೊದಲ ಐದು ನಿಮಿಷ ಕಾಗೆ ಬಿಟ್ಟು ಏನೂ ಇಲ್ಲ. ಆಮೇಲೆ ಒಂದೊಂದಾಗಿ ಬರುತ್ತವೆ: ಪಿಕಳಾರ, ಮಡಿವಾಳ ಹಕ್ಕಿ, ಕಾಜಾಣ. ಹೊಳೆ ಬದಿಯಾದರೆ ಮಿಂಚುಳ್ಳಿ, ನೀರುಕಾಗೆ, ಬೆಳ್ಳಕ್ಕಿ. ಕುಟ್ರುಹಕ್ಕಿ ಕಾಣುವುದು ಕಷ್ಟ, ಕೂಗು ಮಾತ್ರ ತಪ್ಪುವುದಿಲ್ಲ. ಕೂಗು ಕೇಳಿದರೂ ಪಟ್ಟಿಯಲ್ಲಿ ಬರೆಯಬಹುದು. ಹಾಗಾಗಿ ಕಣ್ಣು ಕಾಣದವರೂ ಎಣಿಸಬಹುದು.

ಒಂದು ಎಚ್ಚರಿಕೆ ಬೇಕು. ಅದೇ ಬೆಳ್ಳಕ್ಕಿ ಮೂರು ಸಲ ಬಂದರೆ ಮೂರು ಬೆಳ್ಳಕ್ಕಿ ಅಂತ ಬರೆಯಬಾರದು. ಒಂದೇ ಸಲಕ್ಕೆ ಒಟ್ಟಿಗೆ ಎಷ್ಟು ಕಂಡವೋ ಅಷ್ಟನ್ನೇ ಬರೆದರೆ ಲೆಕ್ಕ ತಪ್ಪುವುದಿಲ್ಲ.

ಕೂರಲು ಒಳ್ಳೆಯ ಜಾಗ ಯಾವುದು? ನನ್ನ ಪ್ರಕಾರ ಗೋಳಿಮರದ ಕಟ್ಟೆ. ಗೋಳಿ, ಬಸರಿ, ಅತ್ತಿ ಇವೆಲ್ಲ ಒಂದೇ ಜಾತಿಗೆ ಸೇರಿದ ಮರಗಳು. ಇವು ಎಲ್ಲವೂ ಒಂದೇ ತಿಂಗಳಲ್ಲಿ ಹಣ್ಣಾಗುವುದಿಲ್ಲ. ಒಂದು ಮರ ಈಗ ಬಿಟ್ಟರೆ ಇನ್ನೊಂದು ಆಮೇಲೆ. ಕಾಡಿನಲ್ಲಿ ಬೇರೆ ಹಣ್ಣು ಇಲ್ಲದಾಗ ಹಕ್ಕಿಗಳ ಹೊಟ್ಟೆ ತುಂಬುವುದು ಇವುಗಳಿಂದ. ಮಂಗಟ್ಟೆ ಹಕ್ಕಿಯಂತೂ ಇವನ್ನು ಹುಡುಕಿಕೊಂಡು ಬರುತ್ತದೆ. ನಮ್ಮ ಕಾಳಿ ಕಾಡಿನಲ್ಲಿ 4 ಜಾತಿಯ ಮಂಗಟ್ಟೆಗಳಿವೆ. ಮರಿ ಮಾಡುವ ಕಾಲದಲ್ಲಿ ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಸೇರಿ ಬಾಯಿ ಮುಚ್ಚಿಕೊಳ್ಳುತ್ತದೆ, ಸಣ್ಣ ಸೀಳು ಮಾತ್ರ ಬಿಡುತ್ತದೆ. ಗಂಡು ಹಣ್ಣು ತಂದು ಆ ಸೀಳಿನಿಂದ ತಿನ್ನಿಸಬೇಕು. ಗಂಡಿಗೆ ಹಣ್ಣು ಸಿಗದಿದ್ದರೆ ಒಳಗಿದ್ದವರು ಉಪವಾಸ. ತಿಂದ ಹಣ್ಣಿನ ಬೀಜವನ್ನು ಅದು ದೂರ ದೂರ ಉದುರಿಸುತ್ತದೆ, ಹೊಸ ಗಿಡ ಹುಟ್ಟುತ್ತದೆ. ಅಂದಮೇಲೆ ಊರ ನಡುವಿನ ಒಂದು ಗೋಳಿಮರ ಉಳಿದರೆ ನಾವು ಹಕ್ಕಿಯ ಹಿಂದೆ ಕಾಡಿಗೆ ಹೋಗಬೇಕಾಗಿಲ್ಲ, ಹಕ್ಕಿಯೇ ಅಜ್ಜಿಯ ಹತ್ತಿರ ಬರುತ್ತದೆ.

ಆದರೆ ಕಟ್ಟೆಗೆ ಮೂರು ಮೆಟ್ಟಿಲು! ಗೆಳೆಯನನ್ನು ಎತ್ತಿಕೊಂಡು ಹೋಗೋಣ ಅಂತ ನಾವು ಹೇಳಿದ್ದಕ್ಕೆ ಅವನು, "ನಾನೇನು ಅಕ್ಕಿ ಮೂಟೆಯಾ?" ಅಂದ. ಅವನ ಮಾತು ಸರಿ.

ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಒಂದು ಉದಾಹರಣೆ ಇದೆ. ಹೊನ್ನಾವರದ ಕಾಸರಕೋಡ ಕಡಲತೀರಕ್ಕೆ 2020ರಲ್ಲಿ 'ಬ್ಲೂ ಫ್ಲ್ಯಾಗ್' ಎಂಬ ನೀಲಿ ಬಾವುಟದ ಮನ್ನಣೆ ಸಿಕ್ಕಿತು. ಅದಕ್ಕೆ 33 ಅಂಶಗಳನ್ನು ನೋಡುತ್ತಾರೆ. ನೀರು ಶುದ್ಧ ಇರಬೇಕು, ಕಸ ಇರಬಾರದು, ಅದರ ಜೊತೆಗೆ ಅಂಗವಿಕಲರು ಹೋಗಿಬರಲು ಅನುಕೂಲ ಇದೆಯೇ ಎಂದೂ ನೋಡುತ್ತಾರೆ. ಕಾನೂನು ಕೂಡ ಇದೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು. ಮನರಂಜನೆಯಲ್ಲಿ ಅವರಿಗೂ ಎಲ್ಲರಷ್ಟೇ ಅವಕಾಶ ಸಿಗುವಂತೆ ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳು ಕ್ರಮ ತೆಗೆದುಕೊಳ್ಳಬೇಕು ಅಂತ ಅದರಲ್ಲಿದೆ. 'ಸ್ಥಳೀಯ ಸಂಸ್ಥೆ' ಅಂದರೆ ಪಂಚಾಯ್ತಿಯೂ ಬಂತು ಎಂದು ಅಕ್ಕೋರು ಬಿಡಿಸಿ ಹೇಳಿದರು.

ಈಗ ಲೆಕ್ಕ ನೋಡಿ. ಗಾಲಿಕುರ್ಚಿ ಹತ್ತುವ ಇಳಿಜಾರು ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಇರಬೇಕು. ನಮ್ಮ ಕಟ್ಟೆಯ ಒಂದೊಂದು ಮೆಟ್ಟಿಲು ಅರ್ಧ ಅಡಿ. ಮೂರು ಸೇರಿ ಒಂದೂವರೆ ಅಡಿ. 12ರಿಂದ ಗುಣಿಸಿದರೆ 18 ಅಡಿ. ಅಗಲ 4 ಅಡಿ ಇದ್ದರೆ ಅಜ್ಜಿಯೂ ಕೈ ಹಿಡಿದುಕೊಂಡು ಜೊತೆಗೆ ಹತ್ತಬಹುದು. ಚೀರೆಕಲ್ಲು ಸಾಕು, ಮೇಲೆ ಸ್ವಲ್ಪ ಸಿಮೆಂಟು. ನುಣ್ಣಗೆ ಮಾಡಬಾರದು, ಮಳೆಗೆ ಜಾರುತ್ತದೆ.

ಹೊಳೆ ಬದಿಯಿಂದ ಮಾಡಿದರೆ ನೋಡಲು ಚೆಂದ. ಆದರೆ 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕಾಳಿ ಹೊಳೆ ಎಲ್ಲೆಲ್ಲಿ ತನಕ ಬಂತು ಎಂದು ದೊಡ್ಡವರನ್ನು ಕೇಳಿ. ರಸ್ತೆ ಬದಿಯಲ್ಲಿ ಮರದ ಬೇರು ಮೇಲೆಯೇ ಹರಡಿದೆ, ಅಗೆದರೆ ಮರಕ್ಕೆ ಪೆಟ್ಟು. ಉಳಿದದ್ದು ಶಾಲೆಯ ಬದಿ. ಅಲ್ಲಿ ಹಗ್ಗ ಹಿಡಿದು ಅಳೆದೆವು, 20 ಅಡಿ ಜಾಗ ಇದೆ.

ಮಕ್ಕಳ ಗ್ರಾಮ ಸಭೆಯಲ್ಲಿ ಇದನ್ನು ಕೇಳಬೇಕು. ಪಂಚಾಯ್ತಿಯ ಜೀವವೈವಿಧ್ಯ ದಾಖಲೆಯಲ್ಲಿ ಈ ಗೋಳಿಮರವನ್ನೂ ಬರೆಸಬೇಕು. ಮಾತಾಡಲು ತಯಾರಿರುವವರು ಶನಿವಾರದೊಳಗೆ ಹೆಸರು ಕೊಡಿ. ಅಳತೆಯ ನಕ್ಷೆ ಗೆಳೆಯನ ಹತ್ತಿರ ಇದೆ, ಅವನ ಗೆರೆ ನನ್ನದಕ್ಕಿಂತ ನೇರ.