‘ಕ್ರಿಮಿ’ ಪದದ ಅರ್ಥವ್ಯಾಪ್ತಿ

ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಕನ್ನಡವನ್ನು ತಲೆಮಾರುಗಳಿಂದ ಮನೆಮಾತಾಗಿ ಉಳಿಸಿಕೊಂಡ ಒಕ್ಕಲಿಗ, ಕಪ್ಪಿಲಿಯರ್ ಕುಟುಂಬಗಳಿವೆ. ದಿಂಡಿಗಲ್ ಬಳಿಯ ಚಿನ್ನಾಳಪಟ್ಟಿಯಲ್ಲಿ ಕನ್ನಡ ನುಡಿಯುವ ದೇವಾಂಗ ನೇಕಾರರಿದ್ದಾರೆ. ಇವರ ಓದುಬರಹ ಬಹುಮಟ್ಟಿಗೆ ತಮಿಳಿನಲ್ಲಿ. ಇಂತಹ ಕಡೆ ಉಭಯ ಭಾಷೆಗಳಿಗೂ ಸಮಾನವಾದ ಸಂಸ್ಕೃತ ಪದಗಳು ನೆರವಾಗುವಂತೆ ದಾರಿಯನ್ನೂ ತಪ್ಪಿಸಬಲ್ಲವು. ‘ಕ್ರಿಮಿ’ ಅಂತಹದೊಂದು ಪದ.

ಕರ್ನಾಟಕದ ರೈತನಿಗೆ ‘ಕ್ರಿಮಿನಾಶಕ’ವೆಂದರೆ ಬೆಳೆಗೆ ಸಿಂಪಡಿಸುವ ವಿಷ. ಅದರ ತಮಿಳು ಸೋದರ ‘ಕಿರುಮಿನಾಸಿನಿ’ಯಾದರೋ ಸೋಂಕುನಿವಾರಕ, 2020ರ ಕೋವಿಡ್ ಕಾಲದಲ್ಲಿ ಜನ ಕೈಗೆ ಹಚ್ಚಿಕೊಂಡದ್ದು ಅದನ್ನೇ. ತೋಟದ ವಿಷಕ್ಕೆ ತಮಿಳಿನ ಹೆಸರು ‘ಪೂಚ್ಚಿಕ್ಕೊಲ್ಲಿ’. ಆಡುಮಾತಿನ ‘ಪೂಚ್ಚಿಮರುಂದು’ ಇನ್ನೂ ತೊಡಕಿನದು: ದ್ರಾಕ್ಷಿಬಳ್ಳಿಗೆ ಹೊಡೆಯುವ ವಿಷವೂ ಅದೇ, ಮಗುವಿನ ಹೊಟ್ಟೆಹುಳುವಿಗೆ ಕೊಡುವ ಔಷಧವೂ ಅದೇ. ಶೀಶೆಯ ಮೇಲಿನ ಪದವನ್ನು ಕೇವಲ ಧ್ವನಿಸಾಮ್ಯದಿಂದ ಅರ್ಥೈಸುವವನಿಗೆ ಇಲ್ಲಿ ಅಪಾಯವಿದೆ.

ಈ ಕವಲಿನ ಬೀಜ ಪ್ರಾಚೀನ ವೈದ್ಯದಲ್ಲಿಯೇ ಕಾಣುತ್ತದೆ. ಚರಕಸಂಹಿತೆಯ ವಿಮಾನಸ್ಥಾನದ 7ನೆಯ ಅಧ್ಯಾಯವು 20 ಬಗೆಯ ಕ್ರಿಮಿಗಳನ್ನು ಹೇಳುತ್ತದೆ. ಮೈಕೊಳೆಯಲ್ಲಿ ಹುಟ್ಟುವ ಹೇನು, ಕರುಳಿನ ಹುಳು, ಜೊತೆಗೆ ಸೂಕ್ಷ್ಮತೆಯಿಂದಾಗಿ ಕಣ್ಣಿಗೆ ಬೀಳದ ರಕ್ತದ ಕ್ರಿಮಿಗಳು: ಎಲ್ಲಕ್ಕೂ ಒಂದೇ ಹೆಸರು. ಕನ್ನಡವು ಈ ವಿಶಾಲ ಅರ್ಥದಲ್ಲಿ ಕಾಣುವ ಜೀವಿಯ ಕಡೆಗೆ ಒಲಿಯಿತು. ‘ಕ್ರಿಮಿಕೀಟ’ ಎಂಬ ಜೋಡುನುಡಿಯೇ ಇದಕ್ಕೆ ಸಾಕ್ಷಿ. ತಮಿಳು ಕಾಣದ ಜೀವಿಯ ಕಡೆಗೆ ಸರಿಯಿತು. ರೋಗಾಣುವನ್ನು ಸೂಚಿಸಲು ಕನ್ನಡಕ್ಕೆ ‘ರೋಗಕ್ರಿಮಿ’ ಎಂಬ ವಿಶೇಷಣ ಬೇಕು. ತಮಿಳಿಗೆ ‘ಕಿರುಮಿ’ ಒಂದೇ ಸಾಕು.

ವಿಚಿತ್ರವೆಂದರೆ, ವೈದ್ಯರು ಮುಖ್ಯವಾಗಿ ಚಿಕಿತ್ಸಿಸುತ್ತಿದ್ದ ಹೊಟ್ಟೆಹುಳುವಿನ ಅರ್ಥ ಎರಡೂ ಭಾಷೆಗಳ ದಿನಬಳಕೆಯಲ್ಲಿ ಈ ಪದದಿಂದ ಜಾರಿಹೋಗಿದೆ. ಆ ಸ್ಥಾನವನ್ನು ದ್ರಾವಿಡ ಪದವೇ ತುಂಬಿತು. ತಮಿಳಿನ ‘ಪುೞು’, ಹಳಗನ್ನಡದ ‘ಪುೞು’, ಇಂದಿನ ‘ಹುಳು’ ಒಂದೇ ಮೂಲದವು. ಪಕಾರ ಹಕಾರವಾದುದೂ ಱೞಗಳು ಕಣ್ಮರೆಯಾದುದೂ ವಿದ್ಯಾರ್ಥಿಗಳಿಗೆ ಪರಿಚಿತ. ಸರ್ಕಾರಿ ಆರೋಗ್ಯ ಪ್ರಕಟಣೆಗಳಲ್ಲಿ ತಮಿಳು ‘ಕುಡಱ್ಪುೞು’ ಎಂದರೆ ಕನ್ನಡ ‘ಜಂತುಹುಳು’ ಎನ್ನುತ್ತದೆ. ‘ಜಂತು’ವಿನ ಸಂಸ್ಕೃತಾರ್ಥ ಹುಟ್ಟಿದ್ದು, ಅಂದರೆ ಯಾವುದೇ ಪ್ರಾಣಿ, ಜೀವಜಂತುವಿನಲ್ಲಿ ಆ ಅರ್ಥ ಉಳಿದಿದೆ, ವೈದ್ಯದಲ್ಲಿ ಅದು ಕರುಳಿಗೆ ಇಳಿದಿದೆ. ಹುಳುವಿಲ್ಲದ ಹಲ್ಲೂ ‘ಹುಳುಕು’ ಹಲ್ಲಾಗುತ್ತದೆ, ಶಿಲೀಂಧ್ರದಿಂದ ಬರುವ ಚರ್ಮರೋಗವೂ ‘ಹುಳುಕಡ್ಡಿ’ಯೇ.

ಇದೇ ಕುಲದ ಪರ್ಷಿಯನ್ ‘ಕಿರ್ಮ್’ ಬಣ್ಣ ಕೊಡುವ ಕೀಟದ ಹೆಸರಾಗಿ, ಅರಬ್ಬಿಯ ‘ಕಿರ್ಮಿಜ್’ ಮೂಲಕ ‘ಕಿರಮಂಜಿ’ಯೆಂದು ಕನ್ನಡಕ್ಕೆ ಬಂದಿತು. ಆ ಕೆಂಪಿನಲ್ಲಿ ಹುಳುವನ್ನು ಈಗ ಯಾರೂ ನೆನೆಯುವುದಿಲ್ಲ.